ಕತ್ತಲೆ ಕೋಣೆಗೆ ಹಗಲು ತಂದ ಕತೆ: ನನ್ನ ಅನುಭವ

ನಾನು ಕೂತು ಕೆಲಸ ಮಾಡುವ ಕೋಣೆ ಹತ್ತಡಿಗೆ ಹತ್ತಡಿ. ಕಿಟಕಿ ಇಲ್ಲ. ಸೀಲಿಂಗ್ ಹತ್ತಿರ ಒಂದು ವೆಂಟಿಲೇಟರ್ ಇದೆ, ಅದರಾಚೆ ಮೂರಡಿಗೆ ಪಕ್ಕದ ಕಟ್ಟಡದ ಗೋಡೆ. ಕಿಟಕಿ ಒಡೆಸೋಣ ಅಂದರೆ ಅದು ಭಾರ ಹೊತ್ತ ಗೋಡೆ, ಮುಟ್ಟುವ ಹಾಗಿಲ್ಲ. ಮಟಮಟ ಮಧ್ಯಾಹ್ನವೂ ಸ್ವಿಚ್ ಹಾಕಿಯೇ ಒಳಗೆ ಕಾಲಿಡಬೇಕಿತ್ತು.

ಮೊದಲು ಎಲ್ಲರೂ ಮಾಡುವುದನ್ನೇ ಮಾಡಿದೆ. 6500 ಕೆಲ್ವಿನ್‌ನ ಎಲ್‌ಇಡಿ ಟ್ಯೂಬ್ ತಂದು ಸೀಲಿಂಗ್‌ಗೆ ಹಾಕಿದೆ. ಕೆಲ್ವಿನ್ ಅಂದರೆ ಬೆಳಕಿನ ಬಣ್ಣದ ಅಳತೆ: ಸಂಖ್ಯೆ ಕಡಿಮೆ ಇದ್ದರೆ ಹಳದಿ, ಜಾಸ್ತಿ ಇದ್ದರೆ ನೀಲಿ ಬೆರೆತ ಬಿಳಿ. ಡಬ್ಬದ ಮೇಲೆ ‘ಡೇಲೈಟ್’ ಅಂತಲೇ ಬರೆದಿತ್ತು. ಕೋಣೆ ಆಪರೇಷನ್ ಥಿಯೇಟರ್ ಥರ ಕಂಡಿತು. ನನ್ನ ಕೈ ನೋಡಿಕೊಂಡರೆ ಬೂದಿ ಬಳಿದ ಹಾಗಿತ್ತು. ಇನ್ನೊಂದು ಟ್ಯೂಬ್ ಸೇರಿಸಿದೆ. ಬೂದಿ ಇನ್ನಷ್ಟು ಚೆನ್ನಾಗಿ ಕಂಡಿತು, ಅಷ್ಟೇ.

ತಪ್ಪು ಎರಡಿತ್ತು. ಒಂದು, ಆ ಟ್ಯೂಬಿನಲ್ಲಿ ಕೆಂಪು ಕಡಿಮೆ. ಡಬ್ಬದ ಮೇಲೆ ಸಿಆರ್‌ಐ ಅಂತ ಒಂದು ಸಂಖ್ಯೆ ಇರುತ್ತದೆ, ಬೆಳಕು ಬಣ್ಣಗಳನ್ನು ಎಷ್ಟು ಸರಿಯಾಗಿ ತೋರಿಸುತ್ತದೆ ಅನ್ನುವ ಅಳತೆ. 90ಕ್ಕಿಂತ ಜಾಸ್ತಿ ಇದ್ದರೆ ಮೈಬಣ್ಣ, ಮರದ ಬಣ್ಣ ಸರಿಯಾಗಿ ಕಾಣುತ್ತವೆ. ನನ್ನದು 70 ಇತ್ತು. ಎರಡನೆಯದು ದೊಡ್ಡ ತಪ್ಪು: ಬೆಳಕು ನೆತ್ತಿಯ ಮೇಲಿಂದ ಬೀಳುತ್ತಿತ್ತು. ಕಿಟಕಿ ಬೆಳಕು ಹಾಗೆ ಬರುವುದಿಲ್ಲ ಅಲ್ವಾ? ಪಕ್ಕದಿಂದ, ಅಗಲವಾಗಿ ಬಂದು ಗೋಡೆಯನ್ನು ತೊಳೆಯುತ್ತದೆ. ಎಷ್ಟು ಬೆಳಕು ಅನ್ನುವುದಕ್ಕಿಂತ ಎಲ್ಲಿಂದ ಬೆಳಕು ಅನ್ನುವುದನ್ನೇ ಕಣ್ಣು ಮೊದಲು ಗಮನಿಸುತ್ತದೆ ಅಂತ ನನಗೆ ಆಗ ಹೊಳೆಯಿತು.

ಹಾಗಾಗಿ ಬಲ್ಬು ಬಿಟ್ಟು ಬಣ್ಣದ ಬ್ರಷ್ ಹಿಡಿದೆ. ಪಕ್ಕದವರನ್ನು ಕೇಳಿ, ವೆಂಟಿಲೇಟರ್ ಎದುರಿನ ಅವರ ಗೋಡೆಗೆ ಎರಡು ಕೋಟ್ ಬಿಳಿ ಹೊಡೆದೆ. ಬಿಳಿ ಬಣ್ಣ ತನ್ನ ಮೇಲೆ ಬಿದ್ದ ಬೆಳಕಿನಲ್ಲಿ ಶೇ. 80ರಷ್ಟನ್ನು ವಾಪಸ್ ಕಳಿಸುತ್ತದೆ. ಹಳೇ ಸಿಮೆಂಟ್ ಗೋಡೆ ಅದರ ಅರ್ಧದಷ್ಟನ್ನೂ ಕೊಡುವುದಿಲ್ಲ. ಬಾಗಿಲ ಮೇಲಿನ ಹಲಗೆ ತೆಗೆಸಿ ಮಸುಕು ಗಾಜು ಕೂರಿಸಿದೆ, ಹಜಾರದ ಬೆಳಕು ಒಂದಿಷ್ಟು ಒಳಗೆ ಬಂತು. ಒಂದು ಜಾಗದ ಮೇಲೆ ಎಷ್ಟು ಬೆಳಕು ಬೀಳುತ್ತದೆ ಅನ್ನುವುದರ ಅಳತೆ ಲಕ್ಸ್. ಮೊಬೈಲಿನ ಲಕ್ಸ್ ಆ್ಯಪ್ ಪಕ್ಕಾ ಲೆಕ್ಕ ಕೊಡದಿದ್ದರೂ ಹೋಲಿಸಿ ನೋಡೋಕೆ ಸಾಕು. ಮೇಜಿನ ಮೇಲೆ 40 ಇದ್ದದ್ದು 90 ಆಯಿತು. ಹೊರಗೆ ಮೋಡದ ದಿನವೂ 10,000 ಇರುವುದುಂಟು, ಹಾಗಾಗಿ ಬೀಗುವ ಹಾಗೇನೂ ಇರಲಿಲ್ಲ.

ಆಮೇಲೆ ಸುಳ್ಳು ಕಿಟಕಿ ಮಾಡಿದೆ. ನಾಲ್ಕಡಿ ಉದ್ದ, ಮೂರಡಿ ಎತ್ತರದ ಮರದ ಚೌಕಟ್ಟು. ನಿಜವಾದ ಕಿಟಕಿ ಇರಬೇಕಾದ ಎತ್ತರದಲ್ಲೇ ಗೋಡೆಗೆ ಕೂರಿಸಿದೆ. ಹಿಂದೆ ಅಲ್ಯೂಮಿನಿಯಂ ಹಾಳೆ, ಅದರ ಮೇಲೆ 24 ವೋಲ್ಟಿನ ಎಲ್‌ಇಡಿ ಸ್ಟ್ರಿಪ್‌ಗಳು, ಒಂದು ಸಾಲು 2700 ಕೆಲ್ವಿನ್, ಒಂದು ಸಾಲು 6500. ಮುಂದೆ ಹಾಲುಬಿಳಿ ಅಕ್ರಿಲಿಕ್ (ಪ್ಲಾಸ್ಟಿಕ್) ಹಾಳೆ. ಮೊದಲ ಸಲ ಪೆಟ್ಟಿಗೆಯ ಆಳ ಒಂದೇ ಇಂಚು ಇಟ್ಟಿದ್ದೆ. ಸಾಲು ಸಾಲಾಗಿ ಪಟ್ಟೆ ಕಂಡವು. ಸಾಲುಗಳ ನಡುವಿನ ಅಂತರಕ್ಕಿಂತ ಆಳ ಕಡಿಮೆ ಇರಬಾರದು. ಆಳ ನಾಲ್ಕಿಂಚು ಮಾಡಿದ ಮೇಲೆ ಪಟ್ಟೆ ಮಾಯ. ಉದ್ದ ಸ್ಟ್ರಿಪ್‌ನ ಕೊನೆ ಮಂಕಾಗಿತ್ತು, ಎರಡೂ ತುದಿಯಿಂದ ಕರೆಂಟ್ ಕೊಟ್ಟೆ. ಬೆಳಕನ್ನು ಏರಿಸಿ ಇಳಿಸುವ ಅಗ್ಗದ ಡಿಮ್ಮರ್ ಹಾಕಿದ ದಿನ ಸಂಜೆ ತಲೆನೋವು ಬಂತು. ಮೊಬೈಲ್ ಕ್ಯಾಮೆರಾ ಹಿಡಿದು ನೋಡಿದರೆ ಪರದೆಯ ಮೇಲೆ ಕಪ್ಪು ಪಟ್ಟಿಗಳು ಓಡುತ್ತಿದ್ದವು. ಬೆಳಕು ಮಿನುಗುತ್ತಿತ್ತು! ಬೇರೆ ಡಿಮ್ಮರ್ ಹಾಕಿದೆ. ಮೇನ್ ಲೈನಿನ ಕೆಲಸವನ್ನು ಮಾತ್ರ ಎಲೆಕ್ಟ್ರಿಷಿಯನ್ ಕೈಲೇ ಮಾಡಿಸಿದೆ.

ಇಷ್ಟಾದರೂ ಕೋಣೆ ಮೋಡ ಕವಿದ ಹಾಗೇ ಇತ್ತು. ಬೆಳಕಿದೆ, ಬಿಸಿಲಿಲ್ಲ. ಸುಮ್ನೆ ನೋಡೋಣ ಅಂತ ಒಂದು ಸಣ್ಣ ಸ್ಪಾಟ್ ಲೈಟ್ ತಂದೆ: 3000 ಕೆಲ್ವಿನ್, ಕಿರಿದಾದ ಕಿರಣ. ಸುಳ್ಳು ಕಿಟಕಿಯ ಕಡೆಯಿಂದಲೇ ಓರೆಯಾಗಿ ಮೇಜಿನ ಮೇಲೆ ಬೀಳುವ ಹಾಗೆ ತಿರುಗಿಸಿದೆ. ಸುಳ್ಳು ಕಿಟಕಿಯ ಪ್ಯಾನೆಲ್ ಅನ್ನು 6500ರ ಬಿಳಿ ಕಡೆಗೆ ತಂದೆ. ಬಿಳಿ ಹಾಳೆಯ ಮೇಲೆ ಪೆನ್ನು ನಿಲ್ಲಿಸಿ ನೋಡಿದೆ. ಪೆನ್ನಿನ ನೆರಳು ಕಪ್ಪಗಿರಲಿಲ್ಲ, ತಿಳಿ ನೀಲಿ! ಸ್ಪಾಟಿನ ಹಳದಿ ಬೆಳಕನ್ನು ಪೆನ್ನು ತಡೆದ ಜಾಗದಲ್ಲಿ ಪ್ಯಾನೆಲ್ಲಿನ ತಂಪು ಬೆಳಕು ಮಾತ್ರ ಉಳಿದಿತ್ತು. ಹೊರಗೂ ಹೀಗೇ ತಾನೆ? ಸೂರ್ಯ ಮರೆಯಾದ ಕಡೆ ಆಕಾಶದ ನೀಲಿ ಬೀಳುತ್ತದೆ. ಹತ್ತು ನಿಮಿಷ ಪೆನ್ನು ಆಡಿಸುತ್ತಾ ಕೂತಿದ್ದೆ. ಅಮ್ಮ ಬಂದವರು “ಇದೇನೋ, ಬಿಸಿಲು ಎಲ್ಲಿಂದ ಬಂತು?” ಅಂದರು.

ಸ್ಪಾಟನ್ನು ಮೊದಲು ಫ್ಯಾನಿಗಿಂತ ಎತ್ತರದಲ್ಲಿ ಇಟ್ಟಿದ್ದೆ. ಫ್ಯಾನ್ ಹಾಕಿದರೆ ರೆಕ್ಕೆ ಬೆಳಕನ್ನು ಕತ್ತರಿಸಿ ಕೋಣೆಯೆಲ್ಲ ಡಿಸ್ಕೊ. ಈಗ ಗೋಡೆಗೆ, ರೆಕ್ಕೆಗಿಂತ ಕೆಳಗೆ ಇಳಿಸಿದ್ದೇನೆ. ಸಂಜೆ ಆರರ ಮೇಲೆ ಸ್ಪಾಟ್ ಆರಿಸಿ, ಪ್ಯಾನೆಲ್ ಅನ್ನು 2700ಕ್ಕೆ ಇಳಿಸಿ ಮಂದ ಮಾಡುತ್ತೇನೆ. ರಾತ್ರಿ ನೀಲಿ ಬೆಳಕು ಜಾಸ್ತಿಯಾದರೆ ನಿದ್ದೆ ದೂರ.

ಒಂದು ಕಾಟ ಮಾತ್ರ ಹೋಗಿಲ್ಲ. ಚೌಕಟ್ಟಿನ ಸಂದಿಯಲ್ಲಿ ಸಣ್ಣ ಹುಳಗಳು ನುಗ್ಗಿ ಸಾಯುತ್ತವೆ, ಅಕ್ರಿಲಿಕ್ ಮೇಲೆ ಕಪ್ಪು ಚುಕ್ಕೆಯಾಗಿ ಕಾಣುತ್ತವೆ. ತಿಂಗಳಿಗೊಮ್ಮೆ ಸ್ಕ್ರೂ ಬಿಚ್ಚಿ ಒರೆಸಬೇಕು. ನೀವು ಮಾಡುವಾಗ ಸಂದಿಗೆ ಮೊದಲೇ ಫೋಮ್ ಟೇಪ್ ಅಂಟಿಸಿ.