ಉಂಗುರ ಹಾಕಿದ ವಲಸೆ ಹಕ್ಕಿಗಳ ಕಾಲು ಓದೋದು: ನನ್ನ ಅನುಭವ

ನಾನು ವಿಜ್ಞಾನಿ ಅಲ್ಲ, ಹಕ್ಕಿ ನೋಡೋ ಹುಚ್ಚಿರೋ ಮಾಮೂಲಿ ಮನುಷ್ಯ. ಆದ್ರೂ ಕೆಲವು ವರ್ಷದಿಂದ ಕಡಲ ದಡಕ್ಕೆ ಬರೋ ವಲಸೆ ಹಕ್ಕಿಗಳ ಕಾಲಲ್ಲಿರೋ ಫ್ಲ್ಯಾಗ್ (ಗುರುತಿಗೆ ಅಂತ ಸಂಶೋಧಕರು ಹಾಕೋ, ಇಂಗ್ಲಿಷ್ ಅಕ್ಷರ-ಅಂಕಿಯ ಕೋಡ್ ಇರೋ ಬಣ್ಣದ ಪ್ಲಾಸ್ಟಿಕ್ ಪಟ್ಟಿ) ಓದಿ ಸಂಶೋಧಕರಿಗೆ ಕಳಿಸ್ತಿದೀನಿ. ಹೇಗೆ ಮಾಡ್ತೀಯ ಅಂತ ಕೇಳೋರು ಜಾಸ್ತಿ ಆಗಿದಾರೆ, ಅದಕ್ಕೇ ಬರೀತಿದೀನಿ.

ಮೊದಲು ಟೈಮಿಂಗ್. ನೀರು ಇಳಿದಾಗ ಹಕ್ಕಿಗಳು ಕೆಸರಿನ ಮೇಲೆ ಎಲ್ಲೆಲ್ಲೋ ಚದುರಿಕೊಂಡು ಮೇಯ್ತಿರ್ತವೆ, ಸ್ಕೋಪ್ (ಹಕ್ಕಿ ನೋಡೋ ದೂರದರ್ಶಕ) ಹಾಕಿದ್ರೂ ಕಾಲು ಕಾಣಲ್ಲ. ಅದಕ್ಕೆ ನಾನು ಉಬ್ಬರದ ಟೈಮ್ ನೋಡ್ಕೊಂಡು, ನೀರು ಪೂರ್ತಿ ಏರೋಕೆ ಒಂದೆರಡು ಗಂಟೆ ಮುಂಚೆನೇ ಹೋಗಿ ಸೂರ್ಯ ಬೆನ್ನಿಗೆ ಬರೋ ಹಾಗೆ ಟ್ರೈಪಾಡ್ ಇಟ್ಕೊಂಡು ಕೂತುಬಿಡ್ತೀನಿ, ನೀರು ಏರ್ತಾ ಏರ್ತಾ ಹಕ್ಕಿಗಳೇ ನಮ್ಮ ಕಡೆ ಸರಿದು ಬರ್ತವೆ. ನಾವು ಹತ್ರ ಹೋಗಿ ಹಾರಿಸಿದ್ರೆ ಮುಂದಿನ ಪಯಣಕ್ಕೆ ಅವು ಕೂಡಿಟ್ಟ ಕೊಬ್ಬು ದಂಡ, ನಮಗೂ ಏನೂ ಸಿಗಲ್ಲ. ಬಿಸಿಲು ಏರಿದ ಮೇಲೆ ಕೆಸರಿನ ಮೇಲಿನ ಗಾಳಿ ಕುದಿಯೋ ನೀರಿನ ಥರ ಅಲ್ಲಾಡುತ್ತೆ, ಅಕ್ಷರ ಓದೋದು ಮರೆತುಬಿಡಿ.

ಕಾಲು ನೋಡುವಾಗ ಎಡ-ಬಲ ಅಂದ್ರೆ ಹಕ್ಕಿದು, ನಮ್ದಲ್ಲ. ಮಂಡಿ ಥರ ಕಾಣೋ ಕೀಲಿಗಿಂತ ಮೇಲಿದೆಯಾ ಕೆಳಗಿದೆಯಾ, ಒಂದೇ ಕಾಲಲ್ಲಿ ಎರಡು ಇದ್ರೆ ಮೇಲಿಂದ ಕೆಳಗೆ ಯಾವ ಕ್ರಮ, ಲೋಹದ ಉಂಗುರ ಯಾವ ಕಾಲಲ್ಲಿ, ಎಲ್ಲಾ ಬರ್ಕೋತೀನಿ. ಬಣ್ಣ ನೋಡಿದ ತಕ್ಷಣ ಹಕ್ಕಿ ಎಲ್ಲಿಂದ ಬಂತು ಅಂತ ಹೇಳೋಕೂ ಹೋಗ್ಬೇಡಿ. ಅಮೆರಿಕ ಖಂಡಗಳಲ್ಲಿ ಕಿತ್ತಳೆ ಫ್ಲ್ಯಾಗ್ ಅಂದ್ರೆ ಅರ್ಜೆಂಟೀನಾ, ಅದೇ ಕಿತ್ತಳೆ ಏಷ್ಯಾ-ಆಸ್ಟ್ರೇಲಿಯಾ ವಲಸೆ ದಾರೀಲಿ ಕಂಡ್ರೆ ಆಸ್ಟ್ರೇಲಿಯಾದ ವಿಕ್ಟೋರಿಯಾ ರಾಜ್ಯದ್ದು. ಸಂಜೆ ಬೆಳಕಲ್ಲಂತೂ ಹಳದಿನೂ ಕಿತ್ತಳೆ ಆಗುತ್ತೆ. ಇದೆಲ್ಲದರ ಮೇಲೆ ಇವು ಒಂಟಿ ಕಾಲಲ್ಲಿ ನಿದ್ದೆ ಹೊಡೀತವೆ, ಫ್ಲ್ಯಾಗ್ ಇರೋ ಕಾಲನ್ನೇ ಹೊಟ್ಟೆಯೊಳಗೆ ಅಡಗಿಸಿಕೊಂಡು! ಕಾಯೋದು ಬಿಟ್ರೆ ದಾರಿ ಇಲ್ಲ. ಫೋಟೋಗಿಂತ ಸ್ಕೋಪ್‌ಗೆ ಮೊಬೈಲ್ ಹಿಡಿದು ವಿಡಿಯೋ ತೆಗೆಯೋದು ವಾಸಿ, ಮನೇಲಿ ನಿಧಾನವಾಗಿ ನೋಡಿದ್ರೆ ಯಾವುದೋ ಒಂದು ಫ್ರೇಮಲ್ಲಿ ಕೋಡ್ ಸಿಕ್ಕೇ ಸಿಗುತ್ತೆ.

ನನ್ನ ಪ್ರಕಾರ ಅತಿ ಮುಖ್ಯ ವಿಷಯ ಇದು: ಊಹೆ ಮಾಡಿ ಕಳಿಸಬೇಡಿ. ಇ ಅನ್ನೋದು ಎಫ್ ಥರ ಕಾಣುತ್ತೆ, 3 ಅನ್ನೋದು 8 ಥರ. ಗೊತ್ತಾಗದ ಅಕ್ಷರದ ಜಾಗದಲ್ಲಿ ಪ್ರಶ್ನೆ ಗುರುತು ಹಾಕಿ, ಅರ್ಧ ಓದಿದ್ದೂ ಉಪಯೋಗಕ್ಕೆ ಬರುತ್ತೆ. ಆದ್ರೆ ತಪ್ಪು ಕೋಡ್ ಕಳಿಸಿದ್ರೆ ಎಂದೋ ಸತ್ತ ಹಕ್ಕಿ ಲೆಕ್ಕದಲ್ಲಿ ಮತ್ತೆ ಎದ್ದು ಕೂರುತ್ತೆ, ಆಮೇಲೆ ಎಷ್ಟು ಹಕ್ಕಿ ಬದುಕಿವೆ ಅನ್ನೋ ಅಂದಾಜೇ ತಪ್ಪುತ್ತೆ. ಆ ಅಂದಾಜು ಎಷ್ಟು ಮುಖ್ಯ ಅಂದ್ರೆ, ಆಸ್ಟ್ರೇಲಿಯಾದ ರೋಬಕ್ ಬೇಯಲ್ಲಿ ಬಣ್ಣದ ಉಂಗುರ ಹಾಕಿದ ರೆಡ್ ನಾಟ್, ಗ್ರೇಟ್ ನಾಟ್, ಬಾರ್-ಟೇಲ್ಡ್ ಗಾಡ್‌ವಿಟ್ ಅನ್ನೋ ವಲಸೆ ಹಕ್ಕಿಗಳನ್ನ ವರ್ಷಗಟ್ಟಲೆ ಮತ್ತೆ ಮತ್ತೆ ನೋಡಿ ದಾಖಲಿಸಿದ್ದರಿಂದಲೇ, ಅವು ಸಾಯ್ತಿರೋದು ಆಸ್ಟ್ರೇಲಿಯಾದಲ್ಲಿ ಅಲ್ಲ, ಅಲ್ಲಿಂದ ಹೊರಟ ಮೇಲೆ ಅಂತ ಗೊತ್ತಾಗಿದ್ದು, ಬೆರಳು ನೇರ ದಾರಿಯಲ್ಲಿ ಅವು ತಂಗೋ ಹಳದಿ ಸಮುದ್ರದ (ಚೀನಾ-ಕೊರಿಯಾ ನಡುವಿನದು) ಕೆಸರು ಬಯಲುಗಳ ನಾಶದ ಕಡೆ ತೋರಿಸಿತು. ಆ ತೀರದ ಚೀನಾ ಭಾಗದ ಕೆಲವು ಜಾಗಗಳು 2019ರಲ್ಲಿ ವಿಶ್ವ ಪರಂಪರೆ ಪಟ್ಟಿಗೆ ಸೇರಿವೆ.

ಬಿ95 ಅನ್ನೋ ಕೋಡ್‌ನ ರೆಡ್ ನಾಟ್ ಕಥೆ ಗೊತ್ತಿರಬೇಕಲ್ಲ? 1995ರಲ್ಲಿ ಅರ್ಜೆಂಟೀನಾದ ತುದಿಯಲ್ಲಿ ಉಂಗುರ ಹಾಕಿದ್ದು, 2014ರಲ್ಲೂ ಅಮೆರಿಕದ ಡೆಲವೇರ್ ಬೇಯಲ್ಲಿ ಕಂಡಿತ್ತು. ಆ ಕೋಡನ್ನ ಸರಿಯಾಗಿ ಓದಿದವರು ಇದ್ದಿದ್ದಕ್ಕೇ ಅದರ ವಯಸ್ಸು ಜಗತ್ತಿಗೆ ಗೊತ್ತಾಗಿದ್ದು.

ಇನ್ನೊಂದು, ತುಂಬಾ ಜನ ಬಿಡೋದು: ಉಂಗುರ ಇಲ್ಲದ ಹಕ್ಕಿಗಳ ಲೆಕ್ಕ. ಇಷ್ಟು ಹಕ್ಕಿಗಳ ಕಾಲು ಪೂರ್ತಿ ಕಂಡಿತು, ಅದರಲ್ಲಿ ಇಷ್ಟಕ್ಕೆ ಫ್ಲ್ಯಾಗ್ ಇತ್ತು ಅಂತ ಬರೆದ್ರೆ ಒಟ್ಟು ಸಂಖ್ಯೆ ಅಂದಾಜು ಮಾಡೋಕೆ ಸುಲಭ. ಬೋರಿಂಗ್ ಕೆಲಸ, ಒಪ್ಕೋತೀನಿ, ಆದ್ರೂ ಮಾಡಿ.

ರಿಪೋರ್ಟ್‌ಗೆ ಉತ್ತರ ಬರೋದು ಕೆಲವೊಮ್ಮೆ ತಿಂಗಳುಗಟ್ಟಲೆ ತಡ ಆಗುತ್ತೆ, ಬೇಜಾರಾಗ್ಬೇಡಿ. ಅದೇ ಹಕ್ಕಿ ನಾಳೆ ಮತ್ತೆ ಕಂಡ್ರೂ ಮತ್ತೆ ಕಳಿಸಿ, ಅದು ಆ ದಡದಲ್ಲಿ ಎಷ್ಟು ದಿನ ತಂಗುತ್ತೆ ಅಂತ ತಿಳಿಯೋದು ಹಾಗೇನೇ.