ಹಳೆ ಟರ್ಬೊ ಕಾರಿನ ಎಂಜಿನ್ ಮನೆಯಲ್ಲೇ ಕಟ್ಟುವುದು

ಬಿಚ್ಚುವುದು ಸುಲಭ, ವಾಪಸ್ ಜೋಡಿಸುವಾಗಲೇ ತಲೆ ಕೆಡುವುದು, ಅಲ್ವಾ? ಬೋಲ್ಟುಗಳನ್ನು ಬೇರೆ ಬೇರೆ ಕವರಿಗೆ ಹಾಕಿ ಹೆಸರು ಬರೆಯಿರಿ. ಬೇರಿಂಗ್ ಕ್ಯಾಪ್ (ಕ್ರ್ಯಾಂಕ್ ದಂಡವನ್ನು ಹಿಡಿದಿಡುವ ಮುಚ್ಚಳ) ಯಾವುದು ಎಲ್ಲಿತ್ತೋ ಅಲ್ಲಿಗೇ, ಅದೇ ದಿಕ್ಕಿಗೆ ಹೋಗಬೇಕು.

ಜಾಸ್ತಿ ಹೊತ್ತು ಬೇಡುವುದು ಪಿಸ್ಟನ್ ರಿಂಗ್, ಅಂದ್ರೆ ಪಿಸ್ಟನ್ ಸುತ್ತ ಕೂರುವ, ಒಂದು ಕಡೆ ಸೀಳಿರುವ ಉಂಗುರ. ಹೊಸ ರಿಂಗನ್ನು ಸಿಲಿಂಡರ್ ಒಳಗಿಟ್ಟು, ಪಿಸ್ಟನ್ ತಲೆಯಿಂದಲೇ ಒತ್ತಿ ಒಂದಿಂಚು ಕೆಳಗೆ ನೇರವಾಗಿ ತಳ್ಳಿ, ಎರಡು ತುದಿಗಳ ನಡುವಿನ ಸಂದಿಗೆ ಫೀಲರ್ ಗೇಜ್ (ಸಂದಿ ಅಳೆಯುವ ತೆಳು ಪಟ್ಟಿ) ತೂರಿಸಿ ನೋಡಿ. ಟರ್ಬೊ (ಎಂಜಿನ್ನಿಗೆ ಗಾಳಿ ಒತ್ತಿ ತುಂಬುವ ಭಾಗ) ಇರುವ ಎಂಜಿನ್ನಲ್ಲಿ ಬಿಸಿ ಜಾಸ್ತಿ, ರಿಂಗ್ ಹಿಗ್ಗುತ್ತದೆ. ಸಂದಿ ಸಾಲದಿದ್ದರೆ ತುದಿಗಳು ಗುದ್ದಿಕೊಂಡು ಪಿಸ್ಟನ್ನೇ ಒಡೆಯಬಹುದು. ಸ್ವಲ್ಪ ಸ್ವಲ್ಪವೇ ಅರದಲ್ಲಿ ಉಜ್ಜಿ ಅಳೆಯಿರಿ. ನಾನು ಅವಸರ ಮಾಡಿ ಒಂದು ರಿಂಗ್ ಕೆಡಿಸಿದ್ದೇನೆ, ಸುಮ್ನೆ ದುಡ್ಡು ದಂಡ.

ಟರ್ಬೊಗೆ ಹಳೆ ಆಯಿಲ್ ಪೈಪ್ ಬೇಡ, ಒಳಗೆ ಮಸಿ ಕಟ್ಟಿಕೊಂಡಿರುತ್ತದೆ. ಮೊದಲ ಸ್ಟಾರ್ಟಿಗೆ ಮುಂಚೆ ಆಯಿಲ್ ಎಲ್ಲ ಕಡೆ ತಲುಪಲಿ ಅಂತ ಇಗ್ನಿಷನ್, ಪೆಟ್ರೋಲ್ ಎರಡನ್ನೂ ಕಟ್ ಮಾಡಿ, ಸ್ಪಾರ್ಕ್ ಪ್ಲಗ್ ತೆಗೆದು, ಆಯಿಲ್ ಲೈಟ್ ಆರುವವರೆಗೆ ಬಿಟ್ಟು ಬಿಟ್ಟು ಸೆಲ್ಫ್ ಹೊಡೆಯಿರಿ.