ತೆನೆ ಹಬ್ಬಕ್ಕೆ ಮೇ ತಿಂಗಳಲ್ಲೇ ಬಿತ್ತನೆ: ಮಲೆನಾಡಿನ ಮನೆಯಲ್ಲಿ ದೈವಾರಾಧನಾ ವರ್ಷ

ಸೆಪ್ಟೆಂಬರ್ 8 ಮಾತೆ ಮರಿಯಮ್ಮನವರ ಜನನದ ಹಬ್ಬ. ಕರಾವಳಿಯಿಂದ ಘಟ್ಟ ಹತ್ತಿದ ಕೊಂಕಣಿ ಕಥೋಲಿಕ ಮನೆಗಳವರು ಇದನ್ನು ಮೊಂತಿ ಫೆಸ್ತ್ ಎನ್ನುತ್ತಾರೆ, ಉಳಿದವರಿಗೆ ತೆನೆ ಹಬ್ಬ. ಹಬ್ಬವೇನೋ ಘಟ್ಟ ಹತ್ತಿತು, ತೆನೆ ಹತ್ತಲಿಲ್ಲ. ಜೂನ್ ಮಳೆಗೆ ಬಿತ್ತಿದ ಕರಾವಳಿಯ ಗದ್ದೆಯಲ್ಲಿ ಆ ಹೊತ್ತಿಗೆ ತೆನೆ ಕಾಣುತ್ತದೆ. ತೀರ್ಥಹಳ್ಳಿ, ಹೊಸನಗರದ ಕಡೆ ನಾಟಿಯೇ ಜುಲೈ-ಆಗಸ್ಟ್‌ನಲ್ಲಿ. ಹೊಡೆ ಬಿಡಲು ಅಕ್ಟೋಬರ್ ಬರಬೇಕು. ಹಾಗಾಗಿ ಹಲವು ಕಡೆ ಹಿಂದಿನ ದಿನ ಕೆಳಗಿನಿಂದ ತೆನೆ ತರಿಸುತ್ತಾರೆ. ಅದರಲ್ಲಿ ತಪ್ಪಿಲ್ಲ. ಆದರೆ ಇದು ಹೊಸ ಫಲವನ್ನು ದೇವರಿಗೆ ಒಪ್ಪಿಸುವ ಹಬ್ಬ. ನಮ್ಮ ಮಣ್ಣಿನಲ್ಲೇ ಬೆಳೆದದ್ದನ್ನು ಒಪ್ಪಿಸಬೇಕೆಂದರೆ ಮೇ ಕೊನೆಯ ವಾರ ಬೀಜ ಹಾಕಬೇಕು.

ಲೆಕ್ಕ ಹೀಗೆ. 110 ದಿನದ ಭತ್ತದ ತಳಿ ಬಿತ್ತಿದ ಸುಮಾರು 80ನೇ ದಿನಕ್ಕೆ ಹೂ ಬಿಡುತ್ತದೆ, ಕಾಳು ಗಟ್ಟಿಯಾಗಲು ಇನ್ನೂ 20 ದಿನ ಬೇಕು. ಸೆಪ್ಟೆಂಬರ್ 8ರಿಂದ 100 ದಿನ ಹಿಂದಕ್ಕೆ ಎಣಿಸಿದರೆ ಮೇ 31. ಮೋಡದ ದಿನಗಳಲ್ಲಿ ಬೆಳವಣಿಗೆ ತಡವಾಗುವುದರಿಂದ ನಾವು 25ಕ್ಕೇ ಬಿತ್ತುತ್ತೇವೆ. ಮಳೆಗಾಲದ ಹಳೆಯ ನಾಡತಳಿ ಇದಕ್ಕೆ ಆಗದು. ಅವುಗಳಲ್ಲಿ ಹಲವು ಹಗಲು ಚಿಕ್ಕದಾದ ಮೇಲೆಯೇ ಹೊಡೆ ಬಿಡುತ್ತವೆ, ಎಷ್ಟು ಬೇಗ ಬಿತ್ತಿದರೂ ಸೆಪ್ಟೆಂಬರ್‌ನಲ್ಲಿ ಬರೀ ಹಸಿರು ಗರಿ.

ಧರ್ಮಕೇಂದ್ರದಲ್ಲಿ, ಅಂದರೆ ಒಂದು ಚರ್ಚಿಗೆ ಸೇರಿದ ಊರಿನಲ್ಲಿ, 120 ಮನೆಗಳಿದ್ದರೆ ಮನೆಗೆ ಮೂರರಂತೆ 360 ತೆನೆ. ಚದರ ಮೀಟರಿಗೆ 200 ಸಿಕ್ಕರೂ ಎರಡು ಚದರ ಮೀಟರ್ ಸಾಕೆನಿಸುತ್ತದೆ, ಆದರೆ ಜೊಳ್ಳು ಮತ್ತು ಹಕ್ಕಿಯ ಪಾಲು ಸೇರಿಸಿ ನಾಲ್ಕು ಚದರ ಮೀಟರ್ ಮಡಿ ಮಾಡಿ. ಅದಕ್ಕೆ 50 ಗ್ರಾಂ ಬೀಜ ಧಾರಾಳ. ಹೂ ಬಿಡುವುದು ಆಗಸ್ಟ್ ನಡುವಿನಲ್ಲಿ, ಜಡಿಮಳೆ ಹೊಯ್ಯುವಾಗ. ಮಳೆ ನೇರವಾಗಿ ಬಿದ್ದರೆ ಪರಾಗ ತೊಳೆದುಹೋಗಿ ಅರ್ಧಕ್ಕರ್ಧ ಜೊಳ್ಳಾಗುತ್ತದೆ. ಆ ಹತ್ತು ದಿನ ನಾಲ್ಕು ಗೂಟದ ಮೇಲೆ ಪಾರದರ್ಶಕ ಪ್ಲಾಸ್ಟಿಕ್ ಕಟ್ಟಿ, ಬದಿಗಳಲ್ಲಿ ಗಾಳಿ ಆಡಲಿ. ಕಾಳು ಹಾಲು ತುಂಬುತ್ತಿದ್ದಂತೆ ಹಳೆಯ ಸೊಳ್ಳೆಪರದೆ ಹೊದಿಸಿ, ಇಲ್ಲವಾದರೆ ಹಕ್ಕಿಗಳು ಎರಡೇ ದಿನದಲ್ಲಿ ಮುಗಿಸುತ್ತವೆ.

ಆಗಸ್ಟ್ 30ರಿಂದ ಒಂಬತ್ತು ದಿನದ ಪ್ರಾರ್ಥನೆ, ಅಂದರೆ ನೊವೆನ, ಮಕ್ಕಳು ಮರಿಯಮ್ಮನವರ ಮುಂದೆ ಹೂ ಹಾಕುತ್ತಾರೆ. ಈ ವಿಷಯದಲ್ಲಿ ಮಲೆನಾಡಿಗೆ ಕೊರತೆಯಿಲ್ಲ, ಅಂಗಳದ ಡೇರೆ ಹೂ ಅರಳುವ ಹೊತ್ತು ಅದೇ. ಒದ್ದೆ ಎಸಳು ಬುಟ್ಟಿಗೆ ಅಂಟಿಕೊಂಡು ಮುದ್ದೆಯಾಗುತ್ತದೆ. ಕೊಯ್ದ ಹೂವನ್ನು ಕೊಡವಿ, ಒಣಬಟ್ಟೆಯ ಮೇಲೆ ಒಂದು ಗಂಟೆ ಹರಡಿ, ಆಮೇಲೆ ಎಸಳು ಬಿಡಿಸಿ.

ಹಬ್ಬದ ದಿನ ಆಶೀರ್ವದಿಸಿದ ತೆನೆಯನ್ನು ಮನೆಯ ಪೀಠದ ಮೇಲಿಟ್ಟು ಪ್ರಾರ್ಥಿಸಿ, ಕಾಳು ಸುಲಿದು, ಪುಡಿಮಾಡಿ, ತೆಂಗಿನ ಹಾಲಿಗೆ ಬೆಲ್ಲದ ಜೊತೆ ಸೇರಿಸಿ ಎಲ್ಲರೂ ಒಂದೊಂದು ಗುಟುಕು ಕುಡಿಯುತ್ತೇವೆ. ಅಂದು ಊಟ ಸಸ್ಯಾಹಾರ. ದೂರದಲ್ಲಿರುವ ಮಕ್ಕಳಿಗೆ ಅಂಚೆಯಲ್ಲಿ ಕಾಳು ಕಳಿಸುವವರು ಹಸಿಯಾಗಿ ಲಕೋಟೆಗೆ ಹಾಕಬೇಡಿ, ಬೂಷ್ಟು ಹಿಡಿಯುತ್ತದೆ. ಎರಡು ದಿನ ಒಲೆಯ ಮೇಲಿನ ಅಟ್ಟದಲ್ಲಿಟ್ಟು ಒಣಗಿಸಿ.

ಧರ್ಮಸಭೆಯ ಹೊಸ ವರ್ಷ, ಅಂದರೆ ಪೂಜೆ-ಹಬ್ಬಗಳ ದೈವಾರಾಧನಾ ವರ್ಷ, ಶುರುವಾಗುವುದು ಕ್ರಿಸ್ಮಸ್‌ಗೆ ಸಿದ್ಧವಾಗುವ ಆಗಮನ ಕಾಲದ ಮೊದಲ ಭಾನುವಾರ. ಅದು ನವೆಂಬರ್ 27 ಮತ್ತು ಡಿಸೆಂಬರ್ 3ರ ನಡುವೆ ಬರುತ್ತದೆ, 2026ರಲ್ಲಿ ನವೆಂಬರ್ 29. ಇಲ್ಲಿ ಅದು ಅಡಿಕೆ ಸುಲಿತದ ಕಾಲ, ರಾತ್ರಿ ಹನ್ನೊಂದರವರೆಗೂ ಕೆಲಸ. ಊಟದ ನಂತರ ಪ್ರಾರ್ಥನೆ ಎಂದುಕೊಂಡರೆ ಅದು ನಡೆಯುವುದೇ ಇಲ್ಲ. ಸುಲಿಯಲು ಕೂರುವ ಮೊದಲು, ಏಳಕ್ಕೆ, ಹದಿನೈದು ನಿಮಿಷ ಎಂದು ಗೊತ್ತು ಮಾಡಿಕೊಳ್ಳಿ.

ಆಗಮನ ಕಾಲದಲ್ಲಿ ವಾರಕ್ಕೊಂದು ಹೆಚ್ಚಿಸುತ್ತಾ ಹಚ್ಚುವ ನಾಲ್ಕು ಮೊಂಬತ್ತಿಯ ಚಕ್ರಕ್ಕೆ ಬಾಳೆದಿಂಡು ಬಳಸಿದರೆ ಹತ್ತು ದಿನಕ್ಕೆ ಕೊಳೆತು ಕಪ್ಪುನೀರು ಬಿಡುತ್ತದೆ. ಅಡಿಕೆ ಹಾಳೆ ಒಣಗಿದರೆ ಬೆಂಕಿಗೆ ಕಾದಿರುತ್ತದೆ. ಒಂದಡಿ ಅಗಲದ ಜೇಡಿಮಣ್ಣಿನ ಬಳೆ ಮಾಡಿ, ಹಸಿಯಿರುವಾಗಲೇ ನಾಲ್ಕು ಕುಳಿ ಒತ್ತಿ, ನೆರಳಲ್ಲಿ ಒಂದು ವಾರ ಒಣಗಿಸಿದರೆ ವರ್ಷವರ್ಷವೂ ಬರುತ್ತದೆ. ಸುತ್ತ ಮಾವಿನೆಲೆ ಇಟ್ಟು ಪ್ರತಿ ಶನಿವಾರ ಬದಲಿಸಿ. ಜರಿಗಿಡ ಎರಡೇ ದಿನಕ್ಕೆ ಮುರುಟುತ್ತದೆ. ಮೂರು ನೇರಳೆ, ಒಂದು ಗುಲಾಬಿ ಬಣ್ಣದ ಮೊಂಬತ್ತಿ ನಮ್ಮ ಅಂಗಡಿಗಳಲ್ಲಿ ಸಿಗುವುದು ಅಪರೂಪ. ಬಿಳಿಯವಕ್ಕೇ ಬುಡದಲ್ಲಿ ಆ ಬಣ್ಣದ ರಿಬ್ಬನ್ ಕಟ್ಟಿ. ಗುಲಾಬಿ ಮೂರನೇ ಭಾನುವಾರಕ್ಕೆ. ಮೊದಲನೆಯದು ನಾಲ್ಕೂ ವಾರ ಉರಿಯಬೇಕು. ದಿನಕ್ಕೆ ಕಾಲು ಗಂಟೆಯಂತೆ ಸುಮಾರು ಏಳು ಗಂಟೆ, ಆದ್ದರಿಂದ ಅದು ದಪ್ಪ ಇರಲಿ.

ಶನಿವಾರ ರಾತ್ರಿ ನಾಳೆಯ ಶುಭಸಂದೇಶ ಓದಿಕೊಳ್ಳುವುದು ನಮ್ಮ ರೂಢಿ. ಭಾನುವಾರದ ವಾಚನಗಳು ಎ, ಬಿ, ಸಿ ಎಂದು ಮೂರು ವರ್ಷಕ್ಕೊಂದು ಸುತ್ತು. ಯಾವ ವರ್ಷದ ವಾಚನ ಎಂದು ತಿಳಿಯಲು ಇಸವಿಯನ್ನು ಮೂರರಿಂದ ಭಾಗಿಸಿ. ಶೇಷ 1 ಬಂದರೆ ಎ, 2 ಬಂದರೆ ಬಿ, ಏನೂ ಉಳಿಯದಿದ್ದರೆ ಸಿ. ಆಗಮನ ಕಾಲಕ್ಕೆ ಮಾತ್ರ ಬರುವ ವರ್ಷದ ಇಸವಿ ಹಿಡಿಯಬೇಕು.

ಕ್ರಿಸ್ಮಸ್ ಗೋದಲಿಯ ಹುಲ್ಲಿಗೆ ರಾಗಿ ಒಳ್ಳೆಯದು. ಡಿಸೆಂಬರ್ 11ರ ರಾತ್ರಿ ನೆನೆಸಿ, ಮರುದಿನ ಬಟ್ಟೆಯಲ್ಲಿ ಕಟ್ಟಿಟ್ಟು, 13ಕ್ಕೆ ಒಂದಂಗುಲ ಮಣ್ಣು ಹರಡಿದ ತಟ್ಟೆಯಲ್ಲಿ ಒತ್ತಾಗಿ ಬಿತ್ತಿ. ಮಲೆನಾಡಿನ ಚಳಿಗೆ ಮೊಳಕೆ ಹಿಂಜರಿಯುತ್ತದೆ, ಮೊದಲ ಮೂರು ದಿನ ಒಲೆಯ ಹತ್ತಿರ ಮುಚ್ಚಿಡಿ. ನೀರನ್ನು ಚಿಮುಕಿಸಿ, ಹೊಯ್ಯಬೇಡಿ. ಹೊಯ್ದರೆ ಬಿಳಿ ಬೂಷ್ಟು. ತಿಂಗಳ ಆರಂಭದಲ್ಲೇ ಬಿತ್ತಿದ್ದು 24ರ ಹೊತ್ತಿಗೆ ಹಳದಿಯಾಗಿ ಒರಗಿರುತ್ತದೆ. ಬಾಲಯೇಸುವನ್ನು ಮಲಗಿಸುವುದು ರಾತ್ರಿಯ ಬಲಿಪೂಜೆಯಿಂದ ಬಂದ ಮೇಲೆ. ಅಲ್ಲಿಯವರೆಗೆ ಗೋದಲಿ ಖಾಲಿ ಇರಬೇಕು, ಆ ಖಾಲಿಯೇ ಆಗಮನ ಕಾಲ.

ಈಸ್ಟರ್‌ಗೆ ಮುಂಚಿನ ತಪಸ್ಸು ಕಾಲ ಬೂದಿ ಬುಧವಾರಕ್ಕೆ ಶುರು, ಅಂದು ಹಣೆಗೆ ಹಚ್ಚುವ ಬೂದಿಗೆ ಹಿಂದಿನ ವರ್ಷದ ಗರಿ ಬೇಕು. ಈಸ್ಟರ್‌ಗೆ ಒಂದು ವಾರ ಮೊದಲು ಬರುವ ಗರಿಗಳ ಭಾನುವಾರ ತಂದ ತೆಂಗಿನ ಎಳೆಗರಿಯನ್ನು ಶಿಲುಬೆಯ ಹಿಂದೆ ಸಿಕ್ಕಿಸಿ ಮರೆತರೆ ಜುಲೈಗೆ ಗೋಡೆಯ ತೇವಕ್ಕೆ ಬೂಷ್ಟು ಬಂದು ಮೆತ್ತಗಾಗುತ್ತದೆ. ಮೇ ತಿಂಗಳ ಬಿಸಿಲು ಮುಗಿಯುವ ಮುನ್ನ ಗರಿಗರಿಯಾಗಿ ಒಣಗಿಸಿ, ಕಾಗದದಲ್ಲಿ ಸುತ್ತಿ ಅಟ್ಟದಲ್ಲಿಟ್ಟರೆ ಫೆಬ್ರವರಿಯವರೆಗೆ ಕೆಡುವುದಿಲ್ಲ. ಬೂದಿ ಬುಧವಾರಕ್ಕೆ ವಾರ ಮೊದಲು ಚರ್ಚಿಗೆ ಕೊಡಿ. ಪವಿತ್ರೀಕರಿಸಿದ್ದನ್ನು ಕಸದ ಬುಟ್ಟಿಗೆ ಹಾಕುವುದು ಸಲ್ಲದು.

ಸುಡುವ ಕೆಲಸ ನಿಮ್ಮ ಪಾಲಿಗೆ ಬಂದರೆ, ಕಬ್ಬಿಣದ ಬಾಣಲೆಯಲ್ಲಿ ಗರಿಯನ್ನಷ್ಟೇ ಸುಡಿ, ಕಟ್ಟಿಗೆ ಸೇರಿಸಬೇಡಿ. ಪೂರ್ತಿ ಉರಿದ ಬೂದಿ ಬಿಳಿಚಿಕೊಳ್ಳುತ್ತದೆ, ಹಣೆಯ ಮೇಲೆ ಕಾಣುವುದಿಲ್ಲ. ಗರಿ ಕಪ್ಪಾಗಿ ಮುರುಟಿದ ಕ್ಷಣದಲ್ಲೇ ಮುಚ್ಚಳ ಹಾಕಿ ಬೆಂಕಿ ನಂದಿಸಿ, ಆರಿದ ಮೇಲೆ ಅರೆದು, ತೆಳುಬಟ್ಟೆಯಲ್ಲಿ ಶೋಧಿಸಿ. ನೀರಿನಲ್ಲಿ ಕಲಸಿ ಹಣೆಗೆ ಹಚ್ಚಿದರೆ ಬೂದಿಯ ಕ್ಷಾರಕ್ಕೆ ಚರ್ಮ ಸುಡಬಹುದು.

ಬೂದಿ ಬುಧವಾರ ಮತ್ತು ಶುಭ ಶುಕ್ರವಾರ ಉಪವಾಸ 18 ತುಂಬಿದವರಿಂದ 59ರವರೆಗೆ, ಮಾಂಸ ವರ್ಜನೆ 14 ತುಂಬಿದವರಿಗೆಲ್ಲ. ಒಂದು ಪೂರ್ಣ ಊಟ, ಉಳಿದೆರಡು ಹೊತ್ತು ಸ್ವಲ್ಪ. ಮಾಂಸವಿಲ್ಲ ಎಂದು ಮೂರು ಬಗೆಯ ಮೀನು ಮಾಡಿದರೆ ನಿಯಮ ಉಳಿಯಬಹುದು, ಉಪವಾಸ ಉಳಿಯದು. ಗಂಜಿ, ಹುರುಳಿ ಚಟ್ನಿ ಸಾಕು. ಮಿಕ್ಕ ಹಣ ಡಬ್ಬಿಗೆ ಹೋಗಲಿ, ಪವಿತ್ರ ವಾರದಲ್ಲಿ ಬಡವರಿಗೆ ತಲುಪಲಿ. ರೋಗಿಗಳು, ಬಸುರಿಯರು ಹಸಿದಿರಬೇಕಿಲ್ಲ.

ನಮ್ಮ ಕಡೆ ಹೆಚ್ಚು ಸೊರಗುವುದು ಈಸ್ಟರ್‌ನಿಂದ ಪೆಂತಕೋಸ್ತಿನ ಹಬ್ಬದವರೆಗಿನ ಪಾಸ್ಖ ಕಾಲ. ತಪಸ್ಸಿಗೆ 40 ದಿನ ಕೊಟ್ಟ ಮನೆಗಳು ಸಂತೋಷಕ್ಕಿರುವ 50 ದಿನವನ್ನು ಸೋಮವಾರಕ್ಕೇ ಮುಗಿಸುತ್ತವೆ. ಪೆಂತಕೋಸ್ತಿನವರೆಗೂ ರಾತ್ರಿ ಊಟಕ್ಕೆ ಒಂದು ಮೊಂಬತ್ತಿ ಹಚ್ಚಿ, ದೇವದೂತನ ಪ್ರಾರ್ಥನೆಯ ಬದಲು ಸ್ವರ್ಗದ ರಾಣಿಯ ಪ್ರಾರ್ಥನೆ ಹೇಳಿ, ತಪಸ್ಸು ಕಾಲದಲ್ಲಿ ನಿಲ್ಲಿಸಿದ್ದ ಅಲ್ಲೆಲೂಯವನ್ನು ಮಕ್ಕಳಿಂದ ಹಾಡಿಸಿ. ಈಸ್ಟರ್ 28 ಮಾರ್ಚ್ 2027ಕ್ಕೆ ಬಂದರೆ ಪೆಂತಕೋಸ್ತು ಮೇ 16. ಅದಾಗಿ ಒಂಬತ್ತು ದಿನಕ್ಕೆ ಮತ್ತೆ ಭತ್ತದ ಮಡಿ ಅಗೆಯಬೇಕು, ಬೀಜವನ್ನು ಹಿಂದಿನ ರಾತ್ರಿಯೇ ನೆನೆಸಿಡಿ.